ಫಹ್ಮಿದಾ ಹೇಳಿದ ಸುದ್ದಿ

ಏಪ್ರಿಲ್ ಬಿಸಿಲಿನಲ್ಲೂ ಫಹ್ಮಿದಾ ಆ ಕಂದು ಸ್ವೆಟರನ್ನು ಬಿಚ್ಚಿದವಳಲ್ಲ. ಶಿವಾಜಿನಗರದಿಂದ ಇಂದಿರಾನಗರದ ಲ್ಯಾಬಿಗೆ ಬಸ್ಸಿನಲ್ಲಿ ಬರುವಾಗ ಪಕ್ಕದವರು ದಿಟ್ಟಿಸಿದರೆ, "ಜ್ವರ ಅಲ್ಲ ರೀ, ನೌಕರಿ," ಎನ್ನುತ್ತಿದ್ದಳು. ಹೊಕ್ಕುಳಬಳ್ಳಿಯ ರಕ್ತದಲ್ಲಿರುವ, ಹೊಸ ರಕ್ತ ಹುಟ್ಟಿಸಬಲ್ಲ ಕಾಂಡಕೋಶಗಳನ್ನು ಕಡುಶೀತದ ಟ್ಯಾಂಕುಗಳಲ್ಲಿ ಕಾಪಿಡುವುದು ಅವಳ ನೌಕರಿ. ಅವುಗಳ ಮಾತು ಬಂದರೆ, ತೊಟ್ಟಿಲ ಪಕ್ಕ ನಿಂತವರಂತೆ ಅವಳ ದನಿ ತಗ್ಗುತ್ತಿತ್ತು: ರಕ್ಷಕ ದ್ರಾವಣ ಬೆರೆಸಿ ಮೆಲ್ಲಮೆಲ್ಲನೆ ತಣಿಸಿದರೆ ವರ್ಷಗಟ್ಟಲೆ ನಿದ್ರಿಸಿ ಮತ್ತೆ ಏಳುತ್ತವೆ, ಸುಮ್ಮನೆ ಹೆಪ್ಪುಗಟ್ಟಿಸಿದರೆ ಒಳಗಿನ ನೀರೇ ಮಂಜಿನ ಮುಳ್ಳಾಗಿ ಅವನ್ನು ಸೀಳುತ್ತದೆ. ಕಾಲೇಜಿನಿಂದಲೂ ಅವಳ ಸಂಗಡವಿದ್ದ ನನಗೆ ಇದನ್ನು ಎಷ್ಟು ಸಲ ಹೇಳಿದರೂ ಅವಳ ಬೆರಗು ಹಳತಾಗಲಿಲ್ಲ.

ದೊಡ್ಡನೆಕ್ಕುಂದಿಯ ಮಾರಕ್ಕನ ಮೊದಲ ಮೊಮ್ಮಗನಿಗೆ ತಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ. ತಿಂಗಳು ತಿಂಗಳೂ ರಕ್ತ ಕೊಡಿಸಬೇಕು. ಅವನ ಬೆನ್ನಿಗೆ ಹುಟ್ಟಲಿದ್ದ ಎರಡನೆಯ ಮಗುವಿನ ಹೊಕ್ಕುಳಬಳ್ಳಿಯ ರಕ್ತದಿಂದ ಅವನು ಗುಣವಾದಾನೆಂಬ ಆಸೆಯಲ್ಲಿ ಮನೆಯೇ ಉಸಿರು ಬಿಗಿಹಿಡಿದಿತ್ತು. ಮಗು ಹುಟ್ಟಿದ ದಿನ ಮಹದೇವಪುರದಲ್ಲಿ ನೀರು ತುಂಬಿ, ಆ ರಕ್ತವನ್ನು ಒಯ್ಯಬೇಕಿದ್ದ ಲ್ಯಾಬಿನ ಗಾಡಿ ಸಿಕ್ಕಿಹಾಕಿಕೊಂಡಿತು. ಮಾರಕ್ಕ ಆಸ್ಪತ್ರೆಯವರು ತುಂಬಿಟ್ಟಿದ್ದ ರಕ್ತದ ಚೀಲವನ್ನು ಮನೆಗೊಯ್ದು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟಳು.

"ಹೆಂಗಿದ್ರೂ ನೀವೂ ಐಸಲ್ಲೇ ತಾನೆ ಇಡೋದು? ಕೆಟ್ಟೋಗ್ಬಾರ್ದು ಅಂತ ಮೊದ್ಲೇ ಇಟ್ಟೆ ಕಣಮ್ಮ," ಎಂದಳು, ಕೊನೆಗೂ ಬಂದು ತಲುಪಿದ ಫಹ್ಮಿದಾಗೆ ಹೆಮ್ಮೆಯಿಂದ.

ಚೀಲ ಕಲ್ಲಾಗಿತ್ತು. ಲ್ಯಾಬಿನಲ್ಲಿ ಕರಗಿಸಿ ನೋಡಿದರೆ ಕೋಶಗಳೆಲ್ಲ ಸತ್ತಿದ್ದವು. ಮ್ಯಾನೇಜರ್, "ಸುಮ್ನೆ ಟ್ಯಾಂಕಲ್ಲಿ ಇಟ್ಬಿಡಿ ಮೇಡಂ, ಈಗ್ಲೇ ಯಾಕ್ ಹೇಳ್ಬೇಕು?" ಎಂದ.

"ಆ ಹುಡುಗನ ಮೈಗೆ ಸತ್ತ ಕೋಶ ಏರಿಸೋ ದಿನ ಹೇಳೋಣ್ವಾ?" ಎಂದಳು ಫಹ್ಮಿದಾ.

ಮರುದಿನ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋಗಿ, ಸುತ್ತಿಬಳಸದೆ ಹೇಳಿದಳು. ಮಾರಕ್ಕನ ಮಗ, ಹುಡುಗನ ಅಪ್ಪ ಶ್ರೀನಾಥ್ ತಾಯಿಯ ಮೇಲೆ ತಿರುಗಿಬಿದ್ದ: "ನನ್ ಮಗನ್ನ ನೀನೇ ಸಾಯಿಸ್ದೆ ಕಣಮ್ಮಾ!"

"ಶ್ರೀನಾಥ್ ಅವ್ರೇ, ಸಾಕು! ಗಾಡಿ ತಡ ಆಗಿದ್ದು ನಮ್ದು. ಐಸಲ್ಲಿ ಇಡ್ಬಾರ್ದು ಅಂತ ಅಜ್ಜಿಗೆ ಹೇಳ್ದೇ ಇದ್ದಿದ್ದೂ ನಾವೇ. ಪಾಪು ಬೆಳೀಲಿ, ಅಣ್ಣಂಗೆ ಹೊಂದಿಕೆ ಆದ್ರೆ ಅದರ ಮೂಳೆಮಜ್ಜೆ ತಗೋಬಹುದು. ದಾರಿ ಮುಚ್ಚಿಲ್ಲ."

ಫಹ್ಮಿದಾ ದನಿಯೆತ್ತಿದ್ದನ್ನು ನಾನು ಕೇಳಿದ್ದು ಅಂದೇ. ಬಳಿಕ, ಗೋಡೆಗೊರಗಿ ಕುಸಿದಿದ್ದ ಮಾರಕ್ಕನ ಪಕ್ಕ ನೆಲದ ಮೇಲೆ ಕೂತಳು. ಬಹಳ ಹೊತ್ತಿನ ಮೇಲೆ ಮುದುಕಿಯೇ ಸೆರಗಿನಿಂದ ಮುಖ ಒರೆಸಿಕೊಂಡು, "ಕಾಪಿ ಕುಡೀತೀಯೇನಮ್ಮ?" ಎಂದಳು.

ಹೋದ ವರ್ಷ ಫಹ್ಮಿದಾ ತೀರಿಕೊಂಡಳು. ಅದಕ್ಕೆ ಮುಂಚೆ, ಅವಳು ಉಳಿಯುವ ಆಸೆ ಇನ್ನಿಲ್ಲವೆಂಬುದನ್ನು ಡಾಕ್ಟರು ನನಗೆ ಆಸ್ಪತ್ರೆಯ ಹಜಾರದಲ್ಲಿ ನಿಂತೇ ಹೇಳಿ ನಡೆದುಬಿಟ್ಟರು. ನಿಜ ಹೇಳುವವರು ಲೋಕದಲ್ಲಿ ಕಡಿಮೆಯೇನಿಲ್ಲ. ಹೇಳಿದ ಮೇಲೆ ಎದ್ದುಹೋಗದೆ ಕೂರುವವರು ವಿರಳ. ಅಂಥವರು ಹೋದ ದಿನ, ನಮ್ಮ ಪಕ್ಕ ಕೂರಲು ಅಂಥವರೇ ಒಬ್ಬರು ಬೇಕಾಗುತ್ತಾರೆ.