ಅಳಿಸದೇ ಉಳಿದ ದನಿ

ಬಚ್ಚಲ ಒಲೆಯಿಂದ ಬಿಸಿನೀರಿನ ಕೊಡ ಇಳಿಸುತ್ತಿದ್ದ ದೇವಕ್ಕನ ಸೊಂಟದಲ್ಲಿ ಫೋನು ಗುಂಯ್ ಎಂದಿತು. ಬೆಳಿಗ್ಗೆಯಿಂದ ಇದೇ ಗೋಳು. ಅದು ಸದ್ದು ಮಾಡಿದಾಗಲೆಲ್ಲ ನಾದಿನಿ ಸುಗಲಮ್ಮ ತನ್ನನ್ನೇ ನೋಡುತ್ತಾಳೆ ಅನ್ನಿಸುತ್ತಿತ್ತು.

ಅತ್ತೆ ಶಿವಬಸಮ್ಮ ನಸುಕಿನಲ್ಲಿ ತೀರಿಕೊಂಡಿದ್ದಳು. ದೇವಕ್ಕನ ಗಂಡ ಹಂಪಣ್ಣ ಕುಣಿ ತೋಡಿಸಲು ಹೊಲಕ್ಕೆ ಹೋಗಿದ್ದ. ರಂಗಂಪೇಟೆಯ ಆ ಮನೆಯ ಪಡಸಾಲೆಯಲ್ಲಿ ಬೋನಾಳದ ನೆಂಟರು ಕುಳಿತು, ಮರೆವಿನ ಮುದುಕಿಯನ್ನು ಮೂರು ವರ್ಷ ಕೂಸಿನಂತೆ ನೋಡಿಕೊಂಡ ಸೊಸೆಯನ್ನು ಹೊಗಳಿದ್ದೇ ಹೊಗಳಿದ್ದು. ಸಾಕು ಮಾಡಬಾರದೇ ಇವರು, ಅಂದುಕೊಂಡಳು ದೇವಕ್ಕ.

ಹೆಣದ ಮೈತೊಳೆಯಲು ಒಳಗೆ ಉಳಿದವರು ಅತ್ತಿಗೆ ನಾದಿನಿ ಇಬ್ಬರೇ. ಸೈದಾಪುರದಿಂದ ಬಂದಿಳಿದ ಮೇಲೆ ಒಂದು ಹನಿ ಕಣ್ಣೀರು ಹಾಕದಿದ್ದ ಸುಗಲಮ್ಮ ತಾಯಿಯ ತುರುಬು ಬಿಚ್ಚುತ್ತ ಕೇಳಿದಳು.

"ವೈನಿ, ನಿಮ್ಮ ಫೋನಿನಾಗ ಅವ್ವನ ದನಿ ಎಲ್ಲಿಯರ ಅದ ಏನ್ರಿ? ನನ್ನ ಕಡಿ ಬರೇ ಫೋಟೋ ಅದಾವ. ಆಕಿ ಹೆಂಗ ಮಾತಾಡ್ತಿದ್ಲು ಅನ್ನೋದ ನೆನಪಿಗಿ ಬರವಲ್ದು."

ಇತ್ತು. ಒಂದೇ ಒಂದು ಕಡೆ ಇತ್ತು.

*

ಸುಗಲಮ್ಮ ಹೊಟ್ಟೆಯಲ್ಲಿದ್ದಾಗ ಸುರಪುರದ ಸೀಮೆಯಲ್ಲಿ ಕಾಲುವೆ ತೋಡುತ್ತಿದ್ದರು. ಅಲ್ಲಿ ಮಣ್ಣು ಹೊರುವ ಗಂಡನಿಗೆ ಶಿವಬಸಮ್ಮ ದಿನಾ ಬುತ್ತಿ ಒಯ್ಯುತ್ತಿದ್ದಳಂತೆ. ಮಕ್ಕಳ ಹೆಸರು ಮರೆತರೂ ಅದೊಂದು ಮರೆಯಲಿಲ್ಲ. ಗಂಡ ಸತ್ತು ಇಪ್ಪತ್ತು ವರ್ಷವಾದರೂ, ಮಧ್ಯಾಹ್ನವಾಯಿತೆಂದರೆ ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಕಾಲುವೆಯ ದಾರಿ ಹಿಡಿಯುವಳು. ಎರಡು ಸಲ ಪಂಕ್ಚರ್ ಅಂಗಡಿಯ ಚಾಂದಪಾಶಾ ದಂಡೆಯಿಂದ ಕೈಹಿಡಿದು ಕರೆತಂದಿದ್ದ. ಹೋದ ತಿಂಗಳು ಕಾಲುವೆಗೆ ನೀರು ಬಿಟ್ಟರು. ದೇವಕ್ಕ ಅಂಗನವಾಡಿಯ ಕೆಲಸಕ್ಕೆ ಹೋಗದೆ ಗತಿಯಿಲ್ಲ. ನಾಲ್ಕು ದಿನ ಅತ್ತೆಯ ಕಾಲನ್ನು ಹಳೆ ಸೀರೆಯಿಂದ ಮಂಚಕ್ಕೆ ಕಟ್ಟಿ ಹೋದಳು. ನಾಲ್ಕನೆಯ ದಿನ ಚರ್ಮ ಸುಲಿದಿತ್ತು.

ಗಂಡನಿಗೂ ಹೇಳಲಿಲ್ಲ. ಹೇಳಿದ್ದು ಮರೆವಿನ ರೋಗಿಗಳ ಮನೆಯವರ ವಾಟ್ಸಪ್ ಗುಂಪಿಗೆ. ಮುಖ ಕಾಣದ ಜನಕ್ಕೆ, ಅಂದೇ ಅತ್ತೆಯ ಮಂಚದ ಬದಿಗೆ ಕುಳಿತು, ದನಿ ಮುದ್ರಿಸಿ. ಯಾರೂ ಬೈಯಲಿಲ್ಲ. ಬಳ್ಳಾರಿಯ ಒಬ್ಬರು, ತಾವೂ ಹೆಂಡತಿಯನ್ನು ಒಳಗಿಟ್ಟು ಚಿಲಕ ಹಾಕಿ ಕೆಲಸಕ್ಕೆ ಹೋಗುವುದಾಗಿ ಬರೆದರು. ಒಬ್ಬಾಕೆ ಉಂಡಿರಾ ಎಂದಷ್ಟೇ ಕೇಳಿದಳು. ಅದನ್ನು ಓದಿ ದೇವಕ್ಕ ಹೋ ಎಂದು ಅತ್ತಿದ್ದಳು.

ಆ ಗುಂಪಿನವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆಂಬುದನ್ನೇ, ಎಲ್ಲರ ಒಪ್ಪಿಗೆ ಪಡೆದು, ಕಲಬುರ್ಗಿಯ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಅಭ್ಯಾಸ ಮಾಡುತ್ತಿದ್ದಳು. ಉಸಿರು, ಕೆಮ್ಮು, ಸುಮ್ಮನಿದ್ದದ್ದು, ಎಲ್ಲ ಬರೆದುಕೊಳ್ಳುವಳಂತೆ. ಆಕೆಯೇ ಫೋನು ಮಾಡಿ, "ನಡುವ ಹನ್ನೊಂದು ಸೆಕೆಂಡ್ ನೀವು ಸುಮ್ಮನಾಗೀರಿ. ಆಗ ಹಿಂದ ಅಮ್ಮ ಮಾತಾಡಿದ್ದು ಚಲೋ ಕೇಳಸ್ತದ್ರಿ," ಎಂದಿದ್ದಳು. ಅಳಿಸಿಬಿಡಬೇಕೆಂದಿದ್ದ ದೇವಕ್ಕನಿಗೆ ಆಮೇಲೆ ಮನಸ್ಸಾಗಲಿಲ್ಲ.

*

ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಗಳಿಗೆ ತಾಯಿಯ ದನಿ ಇಲ್ಲವೆನ್ನಲು ದೇವಕ್ಕನ ನಾಲಿಗೆ ಏಳಲಿಲ್ಲ. ಆ ಹನ್ನೊಂದು ಸೆಕೆಂಡಷ್ಟೇ ಕೇಳಿಸೋಣವೆಂದು ಹುಡುಕಿದಳು. ಒದ್ದೆ ಬೆರಳು ಎಲ್ಲಿ ಒತ್ತಿದರೂ ಮೊದಲಿನಿಂದಲೇ ಶುರು. ಸಾಕಾಯಿತು, ಫೋನನ್ನು ಸುಗಲಮ್ಮನ ಕೈಗೇ ಕೊಟ್ಟುಬಿಟ್ಟಳು.

ಅತ್ತೆಯ ಕಾಲು ಕಟ್ಟಿದ್ದು, ಚರ್ಮ ಸುಲಿದದ್ದು, ಎಲ್ಲ ತನ್ನದೇ ದನಿಯಲ್ಲಿ ಬಂತು. ಆಮೇಲೆ ಆ ಮೌನ. ಅದರೊಳಗಿಂದ ಶಿವಬಸಮ್ಮ ಬೇಡಿಕೊಳ್ಳುತ್ತಿದ್ದಳು:

"ಬಿಡ ತಂಗಿ, ಹೊತ್ತಾತು. ಅಂವ ಹಸದಿರ್ತಾನ."

ಸುಗಲಮ್ಮ ಕೊನೆಯ ತನಕ ಕೇಳಿದಳು. ಮತ್ತೊಮ್ಮೆ ಮೊದಲಿನಿಂದ ಕೇಳಿದಳು. ಫೋನನ್ನು ನೆಲಕ್ಕಿಟ್ಟಳು. ಈಗ ಕೂಗುತ್ತಾಳೆ, ಪಡಸಾಲೆಯವರನ್ನೆಲ್ಲ ಕರೆಯುತ್ತಾಳೆ ಎಂದು ದೇವಕ್ಕ ಗೋಡೆಗೆ ಆತುಕೊಂಡು ನಿಂತಳು.

"ಯಾವ ಕಾಲ್ರಿ?"

ದೇವಕ್ಕ ಅತ್ತೆಯ ಬಲಗಾಲು ತೋರಿಸಿದಳು. ಸುಗಲಮ್ಮ ಅದನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಸೀರೆ ಸರಿಸಿದಳು. ಬಹಳ ಹೊತ್ತು ನೋಡಿದಳು. ಕೊಡದೊಳಗೆ ಬೆರಳು ಅದ್ದಿ ಹಿಂದೆಳೆದುಕೊಂಡಳು.

"ನೀರ ಸುಡಾಕತ್ತಾವ ವೈನಿ. ತಣ್ಣೀರ ಬೆರಸ್ರಿ."

ದೇವಕ್ಕ ತಣ್ಣೀರು ತಂದು ಬೆರೆಸಿ ಚೊಂಬು ತುಂಬಿಕೊಂಡು ತಿರುಗಿದಾಗ, ಸುಗಲಮ್ಮ ಬಗ್ಗಿ, ಕಾಲ ಹರಡಿನ ಸುತ್ತಲಿನ ಆ ಕಪ್ಪು ಗಾಯದ ಮೇಲೆ ಮೆಲ್ಲಗೆ ಉಫ್ ಉಫ್ ಎಂದು ಊದುತ್ತಿದ್ದಳು.