ಕನ್ನಡಿಯಲ್ಲಿ ಸರಿ ಕಂಡ ಆಟ

ಮಗಳ ರಿಪೇರಿ ಅಂಗಡಿಯಲ್ಲಿ ಕಿಟಕಿ ಪಕ್ಕ ಮೂರಡಿ ಜಾಗ ಖಾಲಿ ಇತ್ತು. ಅಪ್ಪನ ಕಣ್ಣು ಆ ಮೂರಡಿಯ ಮೇಲೆ. ನಲವತ್ತು ವರ್ಷ ಟೀವಿ ರಿಪೇರಿ ಮಾಡಿದ ಮನುಷ್ಯ; ಬೆನ್ನು ಉಬ್ಬಿದ ಟೀವಿಗಳ ಕಾಲ ಮುಗಿದ ಮೇಲೆ ತಮ್ಮ ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತಿದ್ದರು. ಕೂತಿದ್ದರು ಅಂದರೆ ಸುಮ್ಮನೆ ಅಲ್ಲ. ಚೆನ್ನಾಗಿಯೇ ಇದ್ದ ಮಿಕ್ಸಿಯನ್ನು ಎರಡು ಸಲ ಬಿಚ್ಚಿದ್ದರು. ಎರಡನೆಯ ಸಲದ ನಂತರ ಅದು ಹಿಂದುಮುಂದಾಗಿ ತಿರುಗುವುದನ್ನು ಕಲಿತಿತ್ತು.

"ನಿಮ್ಮಪ್ಪನಿಗೆ ಅಲ್ಲೇ ಒಂದು ಮೂಲೆ ಕೊಡೇ," ಎಂದು ಅಮ್ಮ ಮಗಳಿಗೆ ಫೋನಿನಲ್ಲಿ ಹೇಳಿದರು. "ಮುಂದಿನ ವಾರ ಫ್ರಿಜ್ಜಿನ ಸರದಿ ಅಂತ ಕಾಣುತ್ತೆ."

ಮಗಳಿಗೋ ಆ ಜಾಗದಲ್ಲಿ ಮೊಬೈಲ್ ಕವರುಗಳ ಗಾಜಿನ ಬೀರು ಇಡಿಸುವ ಯೋಚನೆ. ಅಳತೆ ತೆಗೆಯಲು ಸೋಮವಾರ ಬಡಗಿ ಬರುವವನಿದ್ದ. ಅವಳು ಶುಕ್ರವಾರ ಒಂದು ರಟ್ಟಿನ ಡಬ್ಬಿ ತಂದು ಅಪ್ಪನ ಮುಂದಿಟ್ಟಳು.

"ಇದನ್ನ ಸೋಮವಾರ ಬೆಳಿಗ್ಗೆಗೆ ಸರಿ ಮಾಡಿ ತಂದ್ರೆ ಜಾಗ ನಿನ್ನದು. ಇಲ್ಲಾಂದ್ರೆ ಬೀರು ಬರುತ್ತೆ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು."

"ನಾನ್ಯಾವಾಗ ಊದಿಸಿದ್ದೆ," ಎಂದರು ಅಪ್ಪ, ಆಗಲೇ ಡಬ್ಬಿ ಬಿಚ್ಚುತ್ತಾ.

ಡಬ್ಬಿಯಲ್ಲಿದ್ದದ್ದು ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಏಳಿಂಚಿನ ಪರದೆ, ಒಂದು ಜಾಯ್‌ಸ್ಟಿಕ್. ಇವನ್ನು ಜೋಡಿಸಿ ಹಳೇ ಕಾಲದ ವಿಡಿಯೋ ಆಟವೊಂದನ್ನು ಓಡಿಸಬೇಕು: ಕಡಲೆಕಾಳಿನಷ್ಟು ದಪ್ಪ ಚುಕ್ಕೆಗಳಲ್ಲಿ ಮೂಡಿದ ಹಡಗು, ಎದುರಿನಿಂದ ಬರುವ ಬಂಡೆಗಳು. ಮಗಳ ಪಕ್ಕದಂಗಡಿಯ ಕ್ಷೌರಿಕ ಕೇಳಿದ್ದ. ಕೂದಲು ಕತ್ತರಿಸುವಾಗ ಅಳುವ ಮಕ್ಕಳು ಆಟದಲ್ಲಿ ಮೈಮರೆಯಲಿ ಎಂದು ಅವನ ಆಸೆ.

ಶನಿವಾರ ಅಪ್ಪ ಊಟದ ಮೇಜಿನ ಮೇಲೆ ಹಳೇ ದುಪ್ಪಟಿ ಹಾಸಿ ಕೂತರು. ಪರದೆ ಒಂದು ಸಲ ಕಣ್ಣು ಬಿಟ್ಟು ಮುಚ್ಚಿಕೊಂಡಿತು. ಮತ್ತೆ ಬಿಟ್ಟಿತು, ಮತ್ತೆ ಮುಚ್ಚಿತು. ಅಪ್ಪ ಕರೆಂಟಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಶಾವಿಗೆಯಂಥ ವೈರು. "ಪಾಪ, ಇದಕ್ಕೆ ಹೊಟ್ಟೆಗೇ ಸಾಲ್ತಿಲ್ಲ," ಎಂದು ದಪ್ಪನೆಯ ಗಿಡ್ಡ ವೈರು ಹುಡುಕಿ ಹಾಕಿದರು. ಪರದೆ ಉರಿದು ನಿಂತಿತು. ಅಲ್ಲಿಯವರೆಗೆ ಎಲ್ಲ ಸರಿ.

ಮುಂದಿನದಕ್ಕೆ ಅವರ ಕಸುಬೇ ಕಾರಣ. ಹಳೇ ಟೀವಿಯ ಕರುಳೆಲ್ಲ ಹಿಂದೆ, ಚಿತ್ರ ಮುಂದೆ. ತಿರುಪು ತಿರುಗಿಸುವವನು ಹಿಂದೆ ಕೂತರೆ ಚಿತ್ರ ಕಾಣದು. ಅದಕ್ಕೇ ಮೆಕ್ಯಾನಿಕ್ಕುಗಳು ಟೀವಿಯ ಮುಂದೊಂದು ಕನ್ನಡಿ ನಿಲ್ಲಿಸಿಕೊಂಡು, ಹಿಂದಿನಿಂದಲೇ ಇಣುಕಿ ಚಿತ್ರ ನೋಡುತ್ತಿದ್ದರು. ಅಪ್ಪನ ಹತ್ತಿರ ಇದ್ದದ್ದು ಮೂಲೆ ಒಡೆದ, ಮರದ ಚೌಕಟ್ಟಿನ ಕನ್ನಡಿ. ಅದು ಮೊದಲು ಅಮ್ಮನದು. ಮದುವೆಯಾದ ವಾರದಲ್ಲೇ ಅಂಗಡಿಗೆ ಹೋಗಿತ್ತು.

ಈ ಪರದೆಯ ವೈರುಗಳೂ ಹಿಂದೆಯೇ ಇದ್ದವು. ಅಪ್ಪ ಕನ್ನಡಿ ನಿಲ್ಲಿಸಿ ಹಿಂದೆ ಕೂತರು. ಕನ್ನಡಿಯಲ್ಲಿ ಆಟದ ಹೆಸರು ಎಡಬಲ ಅದಲುಬದಲಾಗಿ ಕಂಡಿತು.

ಅವರಿಗೆ ಗಾಬರಿಯಾಗಲಿಲ್ಲ, ಸಂತೋಷವಾಯಿತು. ಹಳೇ ಟೀವಿಗಳಲ್ಲೂ ಪಿಕ್ಚರ್ ಟ್ಯೂಬಿನ ಕತ್ತಿನ ಹತ್ತಿರ ಎರಡು ವೈರು ಅದಲುಬದಲಾದರೆ ಚಿತ್ರ ಹೀಗೇ ಮಗುಚುತ್ತಿತ್ತು. ಗುರುತಿನ ರೋಗ. ಬದಲಿಸಲು ವೈರು ಹುಡುಕಿದರೆ ಇಲ್ಲಿ ಅಂಥದ್ದಿರಲಿಲ್ಲ. ಪರದೆಯ ಜೊತೆ ಬಂದ ಹಾಳೆಯಲ್ಲಿ ಮದ್ದಿತ್ತು: ಚಿತ್ರವನ್ನು ಎಡಬಲ ತಿರುಗಿಸಲು ಸೆಟ್ಟಿಂಗಿನ ಕೊನೆಗೆ ಈ ಸಾಲು ಸೇರಿಸಿ. ಹಳೇ ಕೀಬೋರ್ಡೊಂದನ್ನು ಸಿಕ್ಕಿಸಿ, ಒಂದೇ ಬೆರಳಲ್ಲಿ ಕುಟ್ಟಿ ಸೇರಿಸಿದರು. ಪರದೆ ಆರಿಸಿ ಮತ್ತೆ ಹಚ್ಚಿದರು. ಕನ್ನಡಿಯಲ್ಲಿ ಅಕ್ಷರಗಳು ನೆಟ್ಟಗಾದವು.

"ಆಟ ಮುಂದೆ, ನೀವು ಹಿಂದೆ. ಇದೆಂಥ ಆಟ ರೀ?" ಎಂದರು ಅಮ್ಮ.

"ನಲವತ್ತು ವರ್ಷ ಹೀಗೇ ಅನ್ನ ಸಂಪಾದಿಸಿದ್ದು," ಎಂದು ಅಪ್ಪ ಕನ್ನಡಿ ನೋಡುತ್ತ ಇನ್ನೊಂದು ಬಂಡೆ ತಪ್ಪಿಸಿದರು. ಪರೀಕ್ಷೆಗೆಂದು ಭಾನುವಾರವೂ ಆಡಿದರು. ಎದ್ದು ಮುಂದೆ ಬಂದು ನೋಡುವ ಪ್ರಮೇಯವೇ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಮಗಳು ಸ್ವಿಚ್ಚು ಹಾಕಿದಳು. ಜೇಬಿನಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡ ಕ್ಷೌರಿಕ ಪಕ್ಕದಲ್ಲಿ ನಿಂತಿದ್ದ. ಮಗಳು ಜಾಯ್‌ಸ್ಟಿಕ್ ಎಡಕ್ಕೆ ತಳ್ಳಿದಳು. ಹಡಗು ಬಲಕ್ಕೆ ಹೋಗಿ ಬಂಡೆಗೆ ಬಡಿಯಿತು.

"ಅಪ್ಪ, ಇದು ಉಲ್ಟಾ ಇದೆ."

"ಸಾಧ್ಯವೇ ಇಲ್ಲ. ಎರಡು ದಿನ ನೋಡಿ ತಂದಿದ್ದೀನಿ."

"ಹೇಗೆ ನೋಡಿದೆ?"

ಅಪ್ಪ ಚೀಲದಿಂದ ಕನ್ನಡಿ ತೆಗೆದು ಪರದೆಯೆದುರು ಹಿಡಿದರು. "ನೋಡು. ಎಷ್ಟು ನೆಟ್ಟಗಿದೆ."

ಮೂವರೂ ಕನ್ನಡಿಯನ್ನು ನೋಡಿದರು. ಆಮೇಲೆ ಇಬ್ಬರು ಅಪ್ಪನನ್ನು ನೋಡಿದರು. ಅಪ್ಪನ ಮುಖ, ಮೂಗಿನ ಮೇಲೇ ಇದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕಿ ಬಂದವರ ಮುಖದ ಹಾಗಾಯಿತು.

ಕಿಟಕಿಯ ಬಳಿ ಬಡಗಿ ಟೇಪು ಎಳೆಯುತ್ತಿದ್ದ. "ಮೂರಡಿ ಎರಡಿಂಚು," ಎಂದ.

"ಒಂದು ಸಾಲು ಅಳಿಸಿದ್ರೆ ಆಯ್ತು ಅಪ್ಪ, ನಾನೇ ಅಳಿಸ್ತೀನಿ," ಎಂದಳು ಮಗಳು. "ಆದ್ರೆ ಸರಿ ಮಾಡಿ ತರಬೇಕು ಅಂತ ಮಾತಾಗಿತ್ತು."

"ಆಗಿತ್ತು," ಎಂದರು ಅಪ್ಪ. ಕನ್ನಡಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದರು. ಅದು ಒಂದೇ ಸಲಕ್ಕೆ ಒಳಗೆ ಹೋಗಲಿಲ್ಲ.

ಕ್ಷೌರಿಕನಿಗೆ ಅವನದೇ ಚಿಂತೆ. "ನಮ್ಮ ಕನ್ನಡಿ ಕೆಳಗೊಂದು ಹಲಗೆ ಇದೆ, ಅಲ್ಲೇ ಇಡಬೇಕು. ನಿನ್ನೆ ಮೊಬೈಲ್ ಇಟ್ಟು ನೋಡಿದೆ. ಮಕ್ಕಳು ಅಳು ನಿಲ್ಲಿಸ್ತವೆ, ಆದ್ರೆ ಕತ್ತು ಬಗ್ಗಿಸ್ತವೆ. ಒಂದು ಮಗುವಿನ ತಲೆ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಹೋಯ್ತು. ಅವರಮ್ಮ ಇನ್ನೂ ನನ್ನ ಹತ್ತಿರ ಮಾತಾಡಿಲ್ಲ."

ಅಪ್ಪ ಚೀಲ ಕೆಳಗಿಟ್ಟರು. "ಕತ್ತು ನೆಟ್ಟಗಿಟ್ರೆ ಅವಕ್ಕೆ ಏನು ಕಾಣುತ್ತೆ?"

"ಇನ್ನೇನು, ಎದುರಿಗಿರೋ ಕನ್ನಡಿ."

"ಆ ಸಾಲು ಅಳಿಸಬೇಡ ಕಣಮ್ಮ, ಇರು."

ಎಲ್ಲರೂ ಪಕ್ಕದಂಗಡಿಗೆ ನಡೆದರು. ಟೇಪು ಸುತ್ತುತ್ತ ಬಡಗಿಯೂ. ಕುರ್ಚಿಯ ಪಕ್ಕ ಟವಲು ನೇತುಹಾಕುವ ಸ್ಟ್ಯಾಂಡ್ ಇತ್ತು. ಅಪ್ಪ ಪರದೆಯನ್ನು ಅದಕ್ಕೆ ಭುಜದೆತ್ತರದಲ್ಲಿ, ಕನ್ನಡಿಗೆ ಮುಖ ಮಾಡಿ ಕಟ್ಟಿದರು. ತಾವೇ ಕುರ್ಚಿಯಲ್ಲಿ ಕೂತರು. ಎದುರಿನ ಕನ್ನಡಿಯಲ್ಲಿ ಅಕ್ಷರ ನೆಟ್ಟಗಿತ್ತು, ಚುಕ್ಕೆ ದಪ್ಪಗಿದ್ದುದರಿಂದ ದೂರಕ್ಕೂ ಕಾಣುತ್ತಿತ್ತು. ಎಡಕ್ಕೆ ತಳ್ಳಿದರೆ ಹಡಗು ಎಡಕ್ಕೇ ಹೋಯಿತು.

ಕುರ್ಚಿಯಲ್ಲಿ ತಲೆಯೊಂದು ಇದ್ದರೆ ಕ್ಷೌರಿಕನ ಕೈ ಸುಮ್ಮನಿರದು. ಬಟ್ಟೆ ಹೊದಿಸಿ ಶುರು ಮಾಡಿಯೇಬಿಟ್ಟ. ಕಾಲು ಗಂಟೆ ಅಪ್ಪನ ಕತ್ತು ಗೂಟದ ಹಾಗೆ ನಿಂತಿತ್ತು. ಹಿಂದಲೆಯ ಅಂಚು ನೂಲು ಹಿಡಿದು ಗೆರೆ ಎಳೆದಂತೆ ಬಂತು.

"ಇದನ್ನೆಲ್ಲ ಮೊದಲೇ ಯೋಚನೆ ಮಾಡಿ ಮಾಡಿದ್ರಾ ಯಜಮಾನ್ರೇ?" ಎಂದು ಕ್ಷೌರಿಕ ಕೇಳಿದ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಹೌದು ಎನ್ನಬಹುದಿತ್ತು.

"ಇಲ್ಲಪ್ಪ. ತಪ್ಪಾಗಿತ್ತು."

"ಕಸುಬು ಗೊತ್ತಿರೋರು ಹೀಗೇ ಹೇಳೋದು," ಎಂದು ಕ್ಷೌರಿಕ ಬಡಗಿಗೆ ವಿವರಿಸಿದ.

ಮಗಳು ಬಡಗಿಯನ್ನು ಕೇಳಿದಳು, "ಬೀರು ಗೋಡೆಗೆ ನೇತುಹಾಕೋ ಹಾಗೆ ಮಾಡಬಹುದಾ?"

"ಮಾಡಬಹುದು. ಚಿಕ್ಕದಾಗುತ್ತೆ."

"ಚಿಕ್ಕದೇ ಮಾಡು."

ಮಂಗಳವಾರ ಅಪ್ಪ ಬಂದಾಗ ಕಿಟಕಿಯ ಪಕ್ಕ ಒಂದು ಮೇಜು, ಸ್ಟೂಲು, ಬಗ್ಗಿಸುವ ದೀಪ ಇದ್ದವು. ಮೇಜಿನ ಮೇಲೆ ಮೊದಲ ಕೆಲಸ ಕಾಯುತ್ತಿತ್ತು. ಅವರ ಮನೆಯದೇ ಮಿಕ್ಸಿ, ಬೆಳಿಗ್ಗೆಯೇ ಅಮ್ಮ ಕಳಿಸಿದ್ದು. ಅದರ ಪಕ್ಕ ಅವರು ಹಿಂದಿನ ದಿನ ಬಿಟ್ಟುಹೋಗಿದ್ದ ಕನ್ನಡಿ. ಕನ್ನಡಿಗೆ ಮಗಳ ಅಕ್ಷರದ ಚೀಟಿ ಅಂಟಿತ್ತು: ಇದು ಕನ್ನಡಿ.

ಅಪ್ಪ ಚೀಟಿ ಓದಿದರು, ಕೀಳಲಿಲ್ಲ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಮಿಕ್ಸಿಯನ್ನು ಹತ್ತಿರಕ್ಕೆ ಎಳೆದುಕೊಂಡರು.