ಅಧ್ಯಕ್ಷೆ ಹೋಗಿ ಬಂದ ಪ್ರವಾಸ

ಗಂಡನ ಪ್ಯಾಂಟನ್ನು ಒಗೆಯಲೆಂದು ಕಲ್ಲಿನ ಮೇಲೆ ಎತ್ತಿ ಹಿಡಿದಾಗ ಅದರ ಕಿಸೆಯಿಂದ ಮರಳು ಸುರಿಯಿತು. ನಿರ್ಮಲಾ ಅದನ್ನು ಅಂಗೈಗೆ ಹಾಕಿಕೊಂಡು ನೋಡಿದಳು. ಅವಳ ತವರು ಗಳಗನಾಥ. ಹೊಳೆಯ ಮರಳಿನಲ್ಲೇ ಆಡಿ ಬೆಳೆದವಳು. ಇದು ಹೊಳೆಯದಲ್ಲ. ಹಿಟ್ಟಿನ ಹಾಗೆ ನುಣ್ಣಗಿತ್ತು, ನಡುವೆ ಉಗುರಿನಷ್ಟು ಚಿಪ್ಪಿನ ಚೂರು ಬೇರೆ. ಕುಡಿಯುವ ನೀರಿನ ವ್ಯವಸ್ಥೆ ನೋಡಿ ಬರುತ್ತೇವೆ ಎಂದು ಹೋದವರು ಸಮುದ್ರಕ್ಕೆ ಯಾಕೆ ಇಳಿದರು? ಉಪ್ಪುನೀರನ್ನು ತಮ್ಮೂರು ಮುದೇನಕೊಪ್ಪದ ನಲ್ಲಿಗೆ ಬಿಡುವ ವಿಚಾರ ಏನಾದರೂ ಇತ್ತೇ?

"ಏನ್ರಿ, ಆ ಮಾದರಿ ಪಂಚಾಯ್ತ್ಯಾಗ ಸಮುದ್ರ ಐತೇನ್ರಿ?" ಎಂದು ಹಿತ್ತಲಿನಿಂದಲೇ ಕೂಗಿದಳು.

ವಿಜಯಮಹಾಂತೇಶ ಒಳಗೆ ಗಡ್ಡ ಮಾಡಿಕೊಳ್ಳುತ್ತಿದ್ದ. "ಹಾದಿ ಮ್ಯಾಲ ಇತ್ತು. ಡ್ರೈವರ್ ಚಾ ಕುಡಿಯಾಕ ಗಾಡಿ ನಿಲ್ಸಿದ್ದ."

"ಚಾ ಕುಡಿಯಾಕ ಪ್ಯಾಂಟ್ ತೋಯಿಸ್ಕೋಬೇಕಾತೇನ್ರಿ?"

ಮೊನ್ನೆ ಬಂದಾಗಿನಿಂದ ಅವನ ಮಾತೇ ಕಡಿಮೆಯಾಗಿತ್ತು, ಮುಖ ಮಾತ್ರ ಬಿಸಿಲು ತಿಂದು ಹೊಳೆಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಲ್ಲ ಅವನು. ಹೆಗಲನ್ನು ಮೊದಲೇ ತೊಳೆದುಕೊಂಡು ಬರುವವನು. ಅದಕ್ಕೇ ಅವಳಿಗೆ ಅನುಮಾನ ಹೆಚ್ಚಾಯಿತು.

ಊರಿನವರ ಬಾಯಲ್ಲಿ ಅವನೇ ಅಧ್ಯಕ್ಷ. ಕಾನೂನಿನ ಪ್ರಕಾರ ನಿರ್ಮಲಾ. ಪಂಚಾಯಿತಿ ಅಧ್ಯಕ್ಷಸ್ಥಾನ ಮಹಿಳೆಗೆ ಮೀಸಲಾದಾಗ, ಗೊಬ್ಬರದ ಅಂಗಡಿಯಲ್ಲಿ ಕುಳಿತು ಅದರ ಕನಸು ಕಾಣುತ್ತಿದ್ದ ವಿಜಯಮಹಾಂತೇಶ ಒಂದು ರಾತ್ರಿ ಮುಖ ಗಂಟು ಹಾಕಿಕೊಂಡಿದ್ದ, ಮರುದಿನ ಹೆಂಡತಿಯನ್ನು ನಿಲ್ಲಿಸಿದ್ದ. ಅಂದಿನಿಂದ ಸಭೆಯಲ್ಲಿ ಕುರ್ಚಿ ಅವನದು, ಮಾತು ಅವನದು, ರುಜು ಮಾತ್ರ ಅವಳದು. ಅದೂ ಒಲೆಯ ಮುಂದೆ ಕೂತು, ಹಿಟ್ಟಿನ ಕೈ ಒರೆಸಿಕೊಂಡು ಹಾಕಿದ್ದು. ದಕ್ಷಿಣ ಕನ್ನಡದ ಮಾದರಿ ಪಂಚಾಯಿತಿ ನೋಡಲು ಸದಸ್ಯರನ್ನು ಕಳಿಸಬೇಕು ಎಂದು ಆದೇಶ ಬಂದಾಗಲೂ ಹಾಗೇ ಆಯಿತು. "ಹೆಣ್ಣುಮಕ್ಕಳಿಗೆ ಅನುಕೂಲ ಇರೂದಿಲ್ಲ, ಬರೇ ಗಂಡಸರ ಟೂರು ಇದು" ಎಂದು ಹೇಳಿ ಅವನು ಹೊರಟುಹೋದ. ಹೆಣ್ಣುಮಕ್ಕಳು ಸದಸ್ಯರಾಗಿದ್ದ ಮನೆಗಳಿಂದೆಲ್ಲ ಗಂಡಂದಿರೇ ಬಾಡಿಗೆ ಗಾಡಿ ಹತ್ತಿದರು. ಕಾರ್ಯದರ್ಶಿ ಪ್ರಭುಲಿಂಗಪ್ಪ ಮುಂದಿನ ಸೀಟಿನಲ್ಲಿ ಕುಳಿತ.

ಗಡ್ಡ ಮುಗಿಸಿ ಟವೆಲ್ಲಿನಿಂದ ಮುಖ ಒರೆಸುತ್ತ ವಿಜಯಮಹಾಂತೇಶ ಹಿತ್ತಲ ಬಾಗಿಲಿಗೆ ಬಂದು ನಿಂತ. ದನಿ ತಗ್ಗಿಸಿ ಹೇಳಿದ. "ಇಲ್ಲಿ ಕೇಳು. ಯಾರರ ಕೇಳಿದ್ರ ನೀನೂ ಬಂದಿದ್ದಿ ಅನ್ನು."

"ಎಲ್ಲಿಗ್ರಿ?"

"ಟೂರಿಗೆ. ಸರಕಾರದ ರೊಕ್ಕ ಅಧ್ಯಕ್ಷರಿಗೆ ಕೊಡ್ತಾರ, ಅಧ್ಯಕ್ಷರ ಗಂಡಗ ಕೊಡೂದಿಲ್ಲ. ಲೆಕ್ಕದಾಗ ನೀನs ಹೋಗೀದಿ."

ಕೈಯಲ್ಲಿದ್ದ ಸಾಬೂನು ಜಾರಿ ಬಕೆಟ್ಟಿಗೆ ಬಿತ್ತು. ಮನೆ ಬಿಟ್ಟು ಕದಲದೆ ತಾನು ಧಾರಾಳವಾಗಿ ಸಮುದ್ರ ನೋಡಿ ಬಂದಿದ್ದೇನೆ! ಅವಳಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಕಳೆದ ವರ್ಷ ಹಾವೇರಿಯಲ್ಲಿ ಮೀಟಿಂಗು, ರಾಣೇಬೆನ್ನೂರಿನಲ್ಲಿ ತರಬೇತಿ ಎಂದು ಅವನು ಎಷ್ಟು ಸಲ ರುಜು ಹಾಕಿಸಿಕೊಂಡಿದ್ದ? ಈ ಒಲೆಯ ಮುಂದೆ ಕೂತೇ ತಾನು ಇನ್ನೂ ಎಲ್ಲೆಲ್ಲಿಗೆ ಹೋಗಿ ಬಂದಿದ್ದೇನೋ, ಯಾವ ಯಾವ ಹೋಟೆಲಿನಲ್ಲಿ ಉಂಡಿದ್ದೇನೋ. ಅಂದಿನಿಂದ ಗಂಡ ಕೆಮ್ಮಿದರೂ ಅದರ ಹಿಂದೆ ಏನಿದೆ ಎಂದು ನೋಡುವಂತಾಯಿತು.

ಗುಟ್ಟು ಬಯಲಾಗಿದ್ದು ಅತ್ತೆಯಿಂದ. ಮುದುಕವ್ವ ಜೋಳ ತೆಗೆಯಲು ಡ್ರಮ್ಮಿಗೆ ಕೈ ಹಾಕಿದರೆ ಒಳಗೆ ಧರ್ಮಸ್ಥಳದ ಪ್ರಸಾದದ ಪೊಟ್ಟಣಗಳು ಸಿಕ್ಕವು. ಮಗ ಅವನ್ನು ಬಚ್ಚಿಟ್ಟಿದ್ದ. ತಿನ್ನುವಂತಿಲ್ಲ, ಹಂಚುವಂತಿಲ್ಲ, ಎಸೆಯುವ ಧೈರ್ಯವಂತೂ ಇಲ್ಲ. ಮುದುಕಿ ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು. "ಶಿವನ! ಮಂಜುನಾಥನ ಪ್ರಸಾದ ಜ್ವಾಳದಾಗ ಹುಗದು ಇಡ್ತಾರೇನ? ಮನಿ ಉದ್ಧಾರ ಆಕ್ಕೈತೇನು?" ನಿರ್ಮಲಾ ತಡೆಯಬಹುದಿತ್ತು. ತಡೆಯಲಿಲ್ಲ. ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಟ್ಟೆಯಲ್ಲಿ ಪ್ರಸಾದ ಹಿಡಿದು ಓಣಿ ಓಣಿ ತಿರುಗಿದಳು. "ನಮ್ಮ ಮಾಂತೇಶ ತಂದಾನ, ತಗೋರಿ. ಸೊಸಿ ಹೋಗಿದ್ದಿಲ್ಲ, ಪಾಪ, ಆಕಿಗೆ ಯೋಗ ಇಲ್ಲ" ಎಂದು ಮನೆಮನೆಗೂ ಹೇಳಿ ಬಂದಳು.

ಮುದೇನಕೊಪ್ಪ ಪ್ರಸಾದವನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ತಿಂದಿತು, ಕೈ ತೊಳೆದುಕೊಂಡು ಮಾತಿಗೆ ಕೂತಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ಚಹದಂಗಡಿಯಲ್ಲಿ ಜನ ನಕ್ಕರು. ಜನತಾ ಕಾಲೊನಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಅಲ್ಲಿ ಪೈಪಿಗೆಂದು ತೋಡಿದ ತಗ್ಗು ಬಾಯಿ ತೆರೆದುಕೊಂಡೇ ಇತ್ತು, ಹೆಂಗಸರು ರಸ್ತೆ ದಾಟಿ ಕೈಪಂಪಿನಿಂದ ನೀರು ಹೊರುತ್ತಿದ್ದರು. ಕೇಳಿದಾಗಲೆಲ್ಲ ಪ್ರಭುಲಿಂಗಪ್ಪ ಅನುದಾನ ಇಲ್ಲ ಎನ್ನುತ್ತಿದ್ದ. ಪೈಪಿಗಿಲ್ಲದ ಹಣ ಪ್ರವಾಸಕ್ಕೆ ಎಲ್ಲಿಂದ ಬಂತು? ಪ್ರಸಾದ ಹಂಚಿದ್ದಕ್ಕೆ ತಾಯಿಯನ್ನು ಬೈಯಲು ವಿಜಯಮಹಾಂತೇಶನಿಗೆ ಬಾಯಿ ಬರಲಿಲ್ಲ; ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸಿಕೊಂಡ. "ನೀನs ಹೇಳಿ ಹಂಚಿಸಿದಿ" ಎಂದ. ಅವನಿಗೂ ಈಗ ಅವಳ ಮೇಲೆ ಅನುಮಾನ.

ಆ ಕಾಲೊನಿಯಲ್ಲೇ ಸಕೀನಾಬಿಯ ಮನೆ. ಬ್ಯಾಡಗಿಯ ಅಂಗಡಿಗಳಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಅವಳದು. ಗಂಡಸರು ಪ್ರವಾಸದಲ್ಲಿದ್ದ ದಿನಗಳಲ್ಲೇ ಅವಳ ಮಗಳು ಅಫ್ರೀನ್‌ಗೆ ಹೆರಿಗೆಯ ಬೇನೆ ಶುರುವಾಗಿತ್ತು. ನಿರ್ಮಲಾ ಟೆಂಪೊ ಮಾಡಿಸಿ, ತಾನೇ ಜೊತೆಗೆ ಕೂತು ಬ್ಯಾಡಗಿಯ ದವಾಖಾನೆಗೆ ಕರೆದೊಯ್ದಿದ್ದಳು. ನರ್ಸು ಕೂಸನ್ನು ತಂದಾಗ ಸಕೀನಾಬಿ ಅಳುತ್ತ ಗೋಡೆ ಹಿಡಿದು ನಿಂತಿದ್ದರಿಂದ, ಅದನ್ನು ಮೊದಲು ಎತ್ತಿಕೊಂಡವಳೂ ನಿರ್ಮಲಾ. "ನಿರ್ಮಲವ್ವ, ನಿನ್ನ ಋಣ ಹೆಂಗ ತೀರಸ್ಲಿ" ಎಂದಿದ್ದಳು ಸಕೀನಾಬಿ.

ಗ್ರಾಮಸಭೆ ಶಾಲೆಯ ಮುಂದಿನ ಬೇವಿನ ಕೆಳಗೆ ನಡೆಯಿತು. ತಾಲೂಕಿನಿಂದ ಅಧಿಕಾರಿಯೊಬ್ಬರು ಬಂದಿದ್ದರಿಂದ ಅವತ್ತು ನಿರ್ಮಲಾಗೆ ಕುರ್ಚಿ ಸಿಕ್ಕಿತ್ತು. ವಿಜಯಮಹಾಂತೇಶ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡಿದ್ದ. ಪ್ರಭುಲಿಂಗಪ್ಪ ಎದ್ದು, "ನಮ್ಮ ಮಾನ್ಯ ಅಧ್ಯಕ್ಷರ ಮುಂದಾಳತ್ವದಾಗ ಎಲ್ಲಾ ಸದಸ್ಯರು ಅಧ್ಯಯನ ಪ್ರವಾಸ ಮುಗಿಸಿ ಬಂದಾರ್ರಿ" ಎಂದು ಓದುತ್ತಿದ್ದಂತೆ ಹಿಂದಿನಿಂದ ಸಿಳ್ಳೆ ಕೇಳಿಸಿತು. ಆಗ ಹೆಂಗಸರ ನಡುವಿನಿಂದ ಸಕೀನಾಬಿ ಎದ್ದಳು.

"ಓದೂದು ಇರ್ಲಿ ಸಾಹೇಬ್ರ. ಅಧ್ಯಕ್ಷರs ಹೇಳ್ಲಿ. ಅಧ್ಯಕ್ಷರ, ನೀವು ಹೋಗಿದ್ರೇನು?"

ನಿರ್ಮಲವ್ವ ಎನ್ನುವವಳು ಇವತ್ತು ಅಧ್ಯಕ್ಷರ ಎಂದು ಕರೆದಿದ್ದಳು. ಆದರೆ ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇಲ್ಲ ಅನ್ನು ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎನ್ನುವಂತಿತ್ತು ಅದು. ಅದು ನಿರ್ಮಲಾಗೆ ಸ್ಪಷ್ಟವಾಗಿ ತಿಳಿಯಿತು. ಮೇಜಿನ ಕೆಳಗೆ ಗಂಡನ ಚಪ್ಪಲಿ ಅವಳ ಪಾದವನ್ನು ಒತ್ತಿತು. ಅಧಿಕಾರಿ ತಲೆಯೆತ್ತಿ ಅವಳನ್ನೇ ನೋಡಿದರು.

"ಹೌದ್ರಿ" ಎಂದಳು. "ಹೋಗಿದ್ದೆ."

ಆ ದಿನ ನೀವು ದವಾಖಾನೆಯಲ್ಲಿದ್ದಿರಲ್ಲ ಎಂಬ ಮಾತು ಸಕೀನಾಬಿಯ ತುಟಿಯವರೆಗೆ ಬಂದದ್ದು ಕಾಣಿಸಿತು. ಆಮೇಲೆ, "ಹಂಗಾರ ಬಿಡ್ರಿ" ಎಂದು ಸೆರಗು ತಲೆಗೆ ಎಳೆದುಕೊಂಡು ಕೂತುಬಿಟ್ಟಳು. ನಾಲ್ಕು ಜನರ ಮುಂದೆ ಬೈದಿದ್ದರೂ ನಿರ್ಮಲಾ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳುವುದು ಆಗಲಿಲ್ಲ. ನಾಚಿಕೆಯಿಂದ ಅವಳ ಕಿವಿ ಸುಟ್ಟವು.

"ಚಲೋ ಹೇಳಿದಿ ನೋಡು" ಎಂದು ವಿಜಯಮಹಾಂತೇಶ ದಾರಿಯುದ್ದಕ್ಕೂ ಹೊಗಳಿದ. ಸಂಜೆ ಪ್ರಭುಲಿಂಗಪ್ಪನ ಬೈಕು ಹತ್ತಿ ರಾಣೇಬೆನ್ನೂರಿಗೆ ಊಟಕ್ಕೆ ಹೋದ. ಈ ಊಟಕ್ಕೂ ತಾನೇ ಹೋಗುತ್ತಿದ್ದೇನೋ ಏನೋ ಎಂದುಕೊಂಡ ನಿರ್ಮಲಾ ಕತ್ತಲಾಗುವ ಮೊದಲೇ ಕಾಲೊನಿಗೆ ನಡೆದಳು.

ಸಕೀನಾಬಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೂಡು ಎನ್ನಲಿಲ್ಲ. ಒಳಗೆ ಕೂಸು ಅಳುತ್ತಿತ್ತು.

"ಯಾಕ ಸುಮ್ನಾದಿ ಸಕೀನಕ್ಕ? ಎಲ್ಲಾ ಹೇಳಬೇಕಿತ್ತು" ಎಂದಳು ನಿರ್ಮಲಾ.

"ಉಪ್ಪು ತಿಂದೇನಿ ನಿಮ್ದು. ಹೆಂಗ ಹೇಳ್ಲಿ?" ಸಕೀನಾಬಿ ತಲೆಯೆತ್ತದೆ ಬೂದಿ ತೆಗೆದುಕೊಂಡಳು. "ಒಂದು ವಿಚಾರ ಬ್ಯಾರೆ ಹತ್ತೈತಿ ನನಗ. ಅವತ್ತ ದವಾಖಾನಿಗೆ ಬಂದ್ರಲ್ಲ, ಯಾಕ ಬಂದ್ರಿ? ನಾಳೆ ಈ ಸಕೀನಾನ ಬಾಯಿ ಮುಚ್ಚಿರ್ಲಿ ಅಂತ ಬಂದ್ರೇನು?"

"ಅಕ್ಕ! ಟೂರಿನ ಲೆಕ್ಕದಾಗ ನನ್ನ ಹೆಸರು ಹಚ್ಯಾರಂತ ಆವಾಗ ನನಗs ಗೊತ್ತಿರ್ಲಿಲ್ಲ."

"ಹಂಗಂತ ನೀವು ಹೇಳ್ತೀರಿ. ಟೂರಿಗೆ ಹೋಗಿದ್ದೆ ಅಂತನೂ ನೀವs ಹೇಳಿದ್ರಿ."

ಆ ದಿನ ತಾನು ಕೂಸನ್ನು ಎತ್ತಿಕೊಂಡದ್ದು ನಿರ್ಮಲಾಗೆ ನೆನಪಿತ್ತು. ಜೀವನದಲ್ಲಿ ಯಾರೂ ಹೇಳದೆ, ಯಾರೂ ರುಜು ಹಾಕಿಸಿಕೊಳ್ಳದೆ ಅಧ್ಯಕ್ಷೆಯಾಗಿ ಅವಳು ಮಾಡಿದ ಕೆಲಸ ಅದೊಂದೇ. ಅದೂ ಈಗ ಕಳ್ಳತನದ ಲೆಕ್ಕಕ್ಕೆ ಹೋಯಿತು. ಗಂಡನ ಮೇಲೆ, ಕಾರ್ಯದರ್ಶಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಬಂದು ಅಳು ಬಂತು.

"ನಾಳೆ ಹಾವೇರಿಗೆ ಹೋಗ್ತೇನಿ" ಎಂದಳು. "ಜಿಲ್ಲಾ ಪಂಚಾಯ್ತಿ ದೊಡ್ಡ ಸಾಹೇಬ್ರ ಮುಂದ ನಿಂತು, ನಾ ಹೋಗಿಲ್ಲ, ಯಾವ ಹೆಣ್ಣುಮಗಳೂ ಹೋಗಿಲ್ಲ, ರೊಕ್ಕ ವಸೂಲು ಮಾಡ್ರಿ ಅಂತ ಹೇಳ್ತೇನಿ."

ಸಕೀನಾಬಿ ಆಗ ತಲೆಯೆತ್ತಿದಳು. "ನಾನೂ ಬರ್ತೇನಿ."

"ನೀ ಯಾಕ ಒಂದಿನದ ಪಗಾರ ಕಳಕೋತಿ?"

"ಖರೇನ ಒಳಗ ಹೋಗ್ತೀರೋ ಇಲ್ಲೋ ನೋಡಬೇಕಲ್ಲ."

ಬೆಳಿಗ್ಗೆ ನಿರ್ಮಲಾ ಸೀರೆ ಬದಲಿಸಿದ್ದನ್ನು ನೋಡಿ ವಿಜಯಮಹಾಂತೇಶ ಬಾಗಿಲಿಗೆ ಅಡ್ಡ ನಿಂತ. ಎಲ್ಲಿಗೆ ಎಂದು ಅವಳು ಮುಚ್ಚಿಡಲಿಲ್ಲ. ಅವನು ಮೊದಲು ನಕ್ಕ, ಆಮೇಲೆ ಗದರಿದ, ಕೊನೆಗೆ ಗೋಗರೆದ. "ನಿನ್ನ ಅಧ್ಯಕ್ಷಸ್ಥಾನ ಹೊಕ್ಕೈತಿ, ನನ್ನ ಮರ್ಯಾದಿ ಹೊಕ್ಕೈತಿ. ಅಷ್ಟು ರೊಕ್ಕ ಯಾರು ತುಂಬಬೇಕು?"

"ಹೋದವ್ರು ತುಂಬ್ರಿ" ಎಂದಳು ನಿರ್ಮಲಾ. ಅವನು ಮತ್ತೆ ಏನೋ ಹೇಳುವಷ್ಟರಲ್ಲಿ ಮುದುಕವ್ವ ಒಳಗಿನಿಂದ, "ಹಾದಿ ಬಿಡಪ್ಪಾ, ಆಕಿನೂ ಒಂದಿನ ಹೋಗಿ ಬರ್ಲಿ" ಎಂದಳು. ಸೊಸೆ ಯಾವುದೋ ದೇವರಿಗೆ ಹೊರಟಿದ್ದಾಳೆ ಎಂದು ಅವಳು ತಿಳಿದಿದ್ದಳು.

ಸಕೀನಾಬಿ ಬಸ್ ನಿಲ್ದಾಣದಲ್ಲಿ ಮೊದಲೇ ಬಂದು ನಿಂತಿದ್ದಳು. ಬಸ್ಸು ತುಂಬಿತ್ತು, ಆದರೂ ಹಿಂದೆ ಎರಡು ಸೀಟು ಸಿಕ್ಕವು. ಹೆಂಗಸರಿಗೆ ಟಿಕೀಟು ಆಗಿನ್ನೂ ಪುಕ್ಕಟೆಯಾಗಿರಲಿಲ್ಲ. ಆ ಕಡೆ ಒಂದೇ ಊರಿನ ಇಬ್ಬರು ಬಸ್ಸು ಹತ್ತಿದರೆ, ಟಿಕೀಟು ನಾ ತೆಗೆಸುತ್ತೇನೆ, ನೀ ಸುಮ್ಮನಿರು ಎಂದು ಕಂಡಕ್ಟರನ ಮುಂದೆ ಒಂದು ಸಣ್ಣ ಜಗಳವೇ ಆಗುತ್ತದೆ. ಜಗಳ ಆಗದಿದ್ದರೆ ಪಕ್ಕದವರು ತಿರುಗಿ ನೋಡುತ್ತಾರೆ. ಕಂಡಕ್ಟರ್ ಹತ್ತಿರ ಬಂದಾಗ ನಿರ್ಮಲಾ ಲಗುಬಗೆಯಿಂದ ಪರ್ಸು ತೆಗೆದಳು.

"ಎರಡು ಹಾವೇರಿ ಕೊಡ್ರಿ."

ಅವಳ ಚಾಚಿದ ಕೈಯನ್ನು ಸಕೀನಾಬಿ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೋಟನ್ನು ಕಂಡಕ್ಟರನ ಕಡೆ ಹಿಡಿದಳು.

"ಅವರಿಗೆ ಒಂದು ಕೊಡ್ರಿ. ನಂದು ಬ್ಯಾರೆ."

ಮುಂದಿನ ಸೀಟಿನ ಹೆಂಗಸು ತಿರುಗಿ ಇಬ್ಬರನ್ನೂ ನೋಡಿದಳು. ಕಂಡಕ್ಟರ್ ಒಂದು ಟಿಕೀಟು ಹರಿದು ಕೊಟ್ಟ, ಮತ್ತೊಂದನ್ನು ಹರಿದು ಕೊಟ್ಟ, ಮುಂದೆ ಹೋದ. ನಿರ್ಮಲಾ ಕಿಟಕಿಯ ಕಡೆಗೆ ಇನ್ನಷ್ಟು ಸರಿದು ಜಾಗ ಮಾಡಿಕೊಟ್ಟಳು. ಸಕೀನಾಬಿ ಸರಿಯಲಿಲ್ಲ. ಸೀಟಿನ ಅಂಚಿಗೇ ಕೂತು, ಮುಂದಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು, ರಸ್ತೆಯನ್ನು ನೋಡುತ್ತಿದ್ದಳು.